ಮತ್ತೋಡಿನ ಮನೆಯ ಖಾಲಿ ಜಾಗ

ಆ ಬೆಳಗ್ಗೆ ಹಿರಿಯೂರಿನಲ್ಲಿ ಆಷಾಢದ ಗಾಳಿ ಎದ್ದಿತ್ತು. ಜೆರಾಕ್ಸ್ ಅಂಗಡಿಯ ಬೋರ್ಡು ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು. ಒಳಗೆ, ಅಂಗಡಿಯ ಕಂಪ್ಯೂಟರ್ ಕೆಲಸ ನೋಡಿಕೊಳ್ಳುವ ಉಷಾರಾಣಿ ಪರದೆ ನೋಡಿ ನಿಟ್ಟುಸಿರುಬಿಟ್ಟಳು. ಸಾಲು 4116ರಲ್ಲಿ ತಪ್ಪು. ಸತತ ಮೂರನೇ ದಿನ, ಅದೇ ಸಾಲು.

ನಿನ್ನೆ ಸಂಜೆ ಅವಳೇ ಸರಿಮಾಡಿ ಹೋಗಿದ್ದಳು. ಯಾರೋ ಮತ್ತೆ ಅಳಿಸಿದ್ದರು. ಫೈಲು ಬದಲಾದ ಸಮಯ ಬೆಳಿಗ್ಗೆ ಏಳೂ ನಲವತ್ತು. ಅವಳು ಬರುವುದು ಒಂಬತ್ತಕ್ಕೆ.

ಏಳೂವರೆಗೆಲ್ಲ ಬಂದು ಬೆಂಚಿನ ಮೇಲೆ ಕೂರುತ್ತಿದ್ದವನು ಚಿತ್ತಯ್ಯ. ಊರೂರು ತಿರುಗಿ ಮನೆತನಗಳ ವಂಶಾವಳಿ ಓದುವ ಹೆಳವ. ಅವನ ಹೊತ್ತಿಗೆಗೆ ಗೆದ್ದಲು ಹಿಡಿದಿತ್ತು. ಕಣ್ಣಿಗೆ ಪೊರೆ ಬಂದಿತ್ತು. ಅರ್ಧ ಓದಿ ಅರ್ಧ ನೆನಪಿನಿಂದ ಅವನು ಹೇಳುತ್ತಿದ್ದ. ಉಷಾರಾಣಿ ಅದನ್ನು ಜೇಸನ್ ಫೈಲಿಗೆ ಇಳಿಸುತ್ತಿದ್ದಳು. ಮನೆಯೊಳಗೆ ತಂದೆ, ತಂದೆಯೊಳಗೆ ಮಕ್ಕಳು, ಆವರಣದೊಳಗೆ ಆವರಣ. ಅವಳು ಜಾಂಗೋ ಎಂಬ ತಂತ್ರಾಂಶ ಬಳಸಿ ಕಟ್ಟಿದ ಆಪ್‌ಗೆ ಅದನ್ನು ಏರಿಸಿದರೆ, ಊರಿನ ಹೆಸರು ಒತ್ತಿದೊಡನೆ ಫೋನೇ ವಂಶ ಓದುತ್ತದೆ. ಸೋಮವಾರ ಚಿತ್ತಯ್ಯ ಸುತ್ತು ಹೊರಡಬೇಕು. ಒಂದು ಸಾಲು ಕೆಟ್ಟರೂ ಮುನ್ನೂರ ಹನ್ನೆರಡು ಮನೆಗಳಲ್ಲಿ ಒಂದೂ ಏರುವುದಿಲ್ಲ. ಇವತ್ತು ಶನಿವಾರ.

"ಈ ಜೇಸನ್ ಯಾವ ಕಡೆಯೋನವ್ವ?" ಎಂದು ಮೊದಲ ದಿನ ಅವನು ಕೇಳಿದ್ದ.

"ಮನುಷ್ಯ ಅಲ್ಲ ತಾತ, ಬರೆಯೋ ಒಂದು ರೀತಿ."

"ಯಾರಾದ್ರೂ ಆಗ್ಲಿ ಬಿಡು. ನನ್ನ ಮನೆಗಳ್ನ ಸಾಕ್ಕಂಡ್ರೆ ಸಾಕು."

4116ನೇ ಸಾಲು ಮತ್ತೋಡಿನ ತಿಮ್ಮರಾಯಪ್ಪನ ಮನೆಯದು. ಮೂರನೇ ಮಗ ಗುಡ್ಡಪ್ಪ. ಪ್ರತಿ ಹೆಸರಿನ ಮುಂದೆ ‘ಬದುಕಿದ್ದಾರೆಯೇ’ ಎಂಬ ಕಲಂ ಇತ್ತು. ಅಲ್ಲಿ ಹೌದಾದರೆ ಟ್ರೂ, ಇಲ್ಲವಾದರೆ ಫಾಲ್ಸ್ ಇರಲೇಬೇಕು. ಗುಡ್ಡಪ್ಪ ಹತ್ತೊಂಬತ್ತಕ್ಕೆ ಮನೆ ಬಿಟ್ಟವನು, ಮೂವತ್ತಮೂರು ವರ್ಷವಾಗಿತ್ತು. ಹೊತ್ತಿಗೆಯಲ್ಲಿ ಅವನ ಮುಂದಿನ ಜಾಗ ಖಾಲಿ. ಉಷಾರಾಣಿ ಫಾಲ್ಸ್ ಎಂದು ತುಂಬಿದ್ದಳು. ಬೆಳಗಾದರೆ ಆ ಪದ ಮಾಯ.

ಆ ಮನೆ ಬರೆದ ದಿನವೂ ತೊಡಕಾಗಿತ್ತು. ಅಜ್ಜಿಯ ಹೆಸರನ್ನು ಗೆದ್ದಲು ತಿಂದಿತ್ತು. ಚಿತ್ತಯ್ಯ ತಡವರಿಸಿದಾಗ ಜೆರಾಕ್ಸ್ ಮಿಷಿನ್ನಿನ ಹಿಂದಿನಿಂದ ಅಂಗಡಿಯ ಮಾಲೀಕ ಜಂಪಣ್ಣ, "ಏಕಾಂತಮ್ಮ ಇರ್ಬೇಕು ನೋಡ್ರಿ. ಆ ಕಡೆ ಮನೆಗೊಬ್ರು ಏಕಾಂತಮ್ಮ ಇರ್ತಾರೆ" ಎಂದಿದ್ದ. ಚಿತ್ತಯ್ಯನಿಗೂ ಆಗ ನೆನಪಾಯಿತು.

ಜಂಪಣ್ಣ ಬಳ್ಳಾರಿಯಿಂದ ಬಂದು ಅಂಗಡಿ ಇಟ್ಟವನು. ಐವತ್ತು ದಾಟಿತ್ತು. ದಿನಾ ಬೆಳಿಗ್ಗೆ ಬೀಗ ತೆಗೆದು, ಕಂಪ್ಯೂಟರಿಗೆ ಊದುಬತ್ತಿ ಬೆಳಗಿ, ಆಮೇಲೆ ಟೀಗೆ ಹೋಗುತ್ತಿದ್ದ. ಈ ಕೆಲಸಕ್ಕೆ ಕಾಸು ಬೇಡ, ದೇವರ ಕೆಲಸ ಎಂದದ್ದೂ ಅವನೇ.

ಉಷಾರಾಣಿ ಕುರ್ಚಿ ತಿರುಗಿಸಿದಳು. "ತಾತ, ನಿಜ ಹೇಳ್ರಿ. ಇದನ್ನ ಮುಟ್ಟಿದ್ರಾ?"

"ನಾನಾ? ನಂಗೆ ಟಿವಿ ರಿಮೋಟೇ ಮಾತು ಕೇಳಲ್ಲ ಕಣವ್ವ."

"ಮತ್ತೆ ಗುಡ್ಡಪ್ಪನ ಮುಂದೆ ಬರ್ದಿದ್ದನ್ನ ಯಾರು ಅಳಿಸ್ತಾರೆ?"

"ಏನಂತ ಬರ್ದಿದ್ದೆ?"

"ತೀರ್ಕಂಡವ್ರೆ ಅಂತ."

ಚಿತ್ತಯ್ಯ ಹೊತ್ತಿಗೆಯ ಮೇಲೆ ಕೈಯಿಟ್ಟ. "ಅಳಿಸಿದೋರು ಪುಣ್ಯವಂತರು. ನೋಡವ್ವ, ಮನೆ ಓದಿ ಮುಗಿಸಿದ್ಮೇಲೆ ಬದುಕಿರೋ ಗಂಡುಮಗ ಒಬ್ಬೊಬ್ಬನೂ ಒಂದು ಸೇರು ರಾಗಿ ಸುರೀಬೇಕು. ತನ್ನ ಕೈಯಾರೆ. ಅಣ್ಣಂದು ತಮ್ಮ ಸುರಿಯಂಗಿಲ್ಲ. ಸುರಿದ್ರೆ ಅವ್ನೆ ಅಂತ ಬರೀತೀನಿ. ಮಣ್ಣು ಮಾಡಿದೋರು ಬಂದು ಹೇಳಿದ್ರೆ ಇಲ್ಲ ಅಂತ ಬರೀತೀನಿ. ಎಲ್ಡೂ ಆಗ್ಲಿಲ್ಲ ಅಂದ್ರೆ ಖಾಲಿ. ಮೂರು ವರ್ಷಕ್ಕೊಂದು ಸುತ್ತು. ಹನ್ನೊಂದು ಸಲ ಹೋದೆ, ಹನ್ನೊಂದು ಸೇರು ಬಾಕಿ ಐತೆ ಆ ಮಾರಾಯಂದು."

"ಸತ್ತೇ ಹೋಗಿದ್ರೆ?"

"ಅವರವ್ವ ಹುಲಿಗೆಮ್ಮ ಇನ್ನೂ ಅವಳೆ. ನಾನು ಹೋದ್ರೆ ಕುಂತ್ಕ ಅನ್ನಾಕೆ ಮುಂಚೆ ಕೇಳ್ತಾಳೆ, ನನ್ನ ಮೂರನೆಯೋನ ಸೇರು ಬಂತೇನಪ್ಪ ಅಂತ. ಸೋಮವಾರ ನಿನ್ನ ಫೋನು ಆಯಮ್ಮನ ಮುಂದೆ ಏನು ಹೇಳ್ತೈತೆ?"

ಬಾಗಿಲಲ್ಲಿ ಟೀ ಹಿಡಿದು ನಿಂತಿದ್ದ ಜಂಪಣ್ಣ, "ಗಾಳಿ ಜೋರೈತೆ" ಎಂದು ಲೋಟ ಅಲ್ಲೇ ಇಟ್ಟು ಪೇಟೆ ಕಡೆ ಹೋದ.

ಉಷಾರಾಣಿ ಪರದೆಗೆ ತಿರುಗಿದಳು. ಈ ಪ್ರಶ್ನೆಗೆ ಎರಡೇ ಉತ್ತರ ಎಂದು ಕಲಂ ಮಾಡಿದವಳು ಅವಳೇ. ಜೇಸನ್‌ನಲ್ಲಿ ಮೂರನೆಯದೂ ಇತ್ತು: ನಲ್. ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವ ಪದ. ಕಲಂ ಬದಲಿಸಿ, ಗುಡ್ಡಪ್ಪನ ಮುಂದೆ ನಲ್ ಎಂದು ಬರೆದು, ಫೈಲು ಏರಿಸಿದಳು. ಮುನ್ನೂರ ಹನ್ನೆರಡು ಮನೆಗಳೂ ಒಳಗೆ ಬಂದವು.

"ಓದಿಸವ್ವ, ಕೇಳಾಣ" ಎಂದ ಚಿತ್ತಯ್ಯ.

ಅವಳು ಮತ್ತೋಡು ಎಂದು ಒತ್ತಿದಳು. ಫೋನು ಏಕಾಂತಮ್ಮನಿಂದ ಶುರುಮಾಡಿ ಒಂದೊಂದೇ ಹೆಸರು ಹೇಳಿತು. ಅಷ್ಟರಲ್ಲಿ ಜಂಪಣ್ಣ ಒಂದು ಚೀಲ ಹೊತ್ತು ಒಳಗೆ ಬಂದು ನಿಂತ.

"ಮೂರನೇ ಮಗ ಗುಡ್ಡಪ್ಪ. ಗೊತ್ತಿಲ್ಲ."

ಓದು ಮುಗಿಯಿತು. ಚಿತ್ತಯ್ಯ ರೂಢಿಯಂತೆ ಹೆಗಲ ಟವೆಲ್ಲನ್ನು ನೆಲಕ್ಕೆ ಹಾಸಿದ. ಹಾಸಿದ ಮೇಲೆ ತನಗೇ ನಗು ಬಂತು. "ನೋಡು, ಅಂಗಡಿಯಾಗೆ ಹಾಸಿದೀನಿ. ಇಲ್ಲಿ ಯಾರು ಸುರೀತಾರೆ?"

ಜಂಪಣ್ಣ ಚಪ್ಪಲಿ ಬಿಟ್ಟು ಕುಕ್ಕರಗಾಲಲ್ಲಿ ಕೂತು ಚೀಲದ ಬಾಯಿ ಬಿಚ್ಚಿ ಒಳಗಿಂದ ಸೇರು ತೆಗೆದ. ರಾಗಿಯನ್ನು ಸೇರಿನಲ್ಲಿ ತುಂಬಿ ತುಂಬಿ, ತಲೆಯೆತ್ತದೆ, ಟವೆಲ್ಲಿನ ಮೇಲೆ ಸುರಿದ.

ಹನ್ನೊಂದಕ್ಕೆ ನಿಲ್ಲಿಸಿ, ಸೇರನ್ನು ಬೋರಲಿಟ್ಟ.