ಕದಲದ ಚುಕ್ಕಿ

ಭಾವಮೈದುನ ಕೊಟ್ಟ ಮೆಮೊರಿ ಕಾರ್ಡನ್ನು ಅಧ್ಯಕ್ಷರು ಲ್ಯಾಪ್‌ಟಾಪಿಗೆ ತುರುಕಿದ ರೀತಿಯಲ್ಲೇ ಕೋಪ ಕಾಣುತ್ತಿತ್ತು. ಆಕಾಶ ವೀಕ್ಷಕರ ಸಂಘದ ಸದಸ್ಯರೆಲ್ಲ ಕುರ್ಚಿ ಎಳೆದುಕೊಂಡು ಪರದೆಯ ಮುಂದೆ ಕುಳಿತಿದ್ದರು. ಇನ್ನು ಸ್ವಲ್ಪ ಹೊತ್ತಿಗೆ ಚುನಾವಣೆ.

ಅಧ್ಯಕ್ಷರು ಹಿಂದೊಮ್ಮೆ ಹೊಸ ನಕ್ಷತ್ರ ಕಂಡುಹಿಡಿದವರು. ಮರುವಾರ ಅದು ಯಾರ ಕಣ್ಣಿಗೂ ಬೀಳಲಿಲ್ಲ; ಉರಿದು ಆರಿಹೋಯಿತು ಎಂದು ಅವರು ಹೇಳಿದ್ದನ್ನು ಎಲ್ಲರೂ ನಂಬಿದ್ದರು. ಆ ಹೆಸರಿನ ಮೇಲೆಯೇ ವರ್ಷಗಟ್ಟಲೆ ಗಾದಿ. ಈಗ ಎದುರಾಳಿಯಾಗಿ ನಿಂತವನು ಹೆಂಡತಿಯ ಸ್ವಂತ ತಮ್ಮ, ಅವರು ಕೊಟ್ಟ ಹಳೆಯ ಕ್ಯಾಮೆರಾದಲ್ಲೇ ಆಕಾಶ ನೋಡಲು ಕಲಿತವನು. ಉಂಡ ಮನೆಯ ಜಂತೆ ಎಣಿಸುವುದೆಂದರೆ ಇದೇ.

"ಇದರಲ್ಲಿರೋದು ಹೊಸ ನಕ್ಷತ್ರ ಅಂದ್ರೆ ನೀವು ಒಪ್ತೀರಾ ಭಾವ?" ಎಂದಷ್ಟೇ ಕೇಳಿ ಅವನು ಹಿಂದಿನ ಸಾಲಿಗೆ ಹೋಗಿ ಕೂತಿದ್ದ.

ಅಧ್ಯಕ್ಷರು ಕಚ್ಚಾ ಚಿತ್ರಗಳನ್ನು ತೆರೆದರು. ತಿದ್ದಿ ತೀಡಿ ಬಣ್ಣ ಕೊಡುವ ಮುಂಚೆ ಯಾರ ಆಕಾಶವಾದರೂ ಒಂದೇ, ಮಸಿ ಬಳಿದ ಹಾಗೆ. ಬೆಳಕು ಹೆಚ್ಚಿಸಿದರು. ಮೂಲೆಯಲ್ಲೊಂದು ಕೆಂಪು ಚುಕ್ಕಿ ಕಂಡಿತು. ಅದನ್ನು ಹಿಗ್ಗಿಸಿ ಮುಂದಿನ ಚಿತ್ರಕ್ಕೆ ಹೋದರು, ಮತ್ತೆ ಅದರ ಮುಂದಿನದಕ್ಕೆ. ಅವರ ಮುಖ ಅರಳಿತು.

ಚಿತ್ರದಿಂದ ಚಿತ್ರಕ್ಕೆ ಉಳಿದ ನಕ್ಷತ್ರಗಳೆಲ್ಲ ಕೂದಲೆಳೆಯಷ್ಟು ಸರಿಯುತ್ತಿವೆ, ಈ ಮಹಾಶಯ ಮಾತ್ರ ಬೇರು ಬಿಟ್ಟು ಕೂತಿದ್ದಾನೆ ಎಂದು ಎಲ್ಲರಿಗೂ ತೋರಿಸಿದರು. ಆಕಾಶದಲ್ಲಿದ್ದರೆ ಉಳಿದವುಗಳ ಜೊತೆ ಸರಿಯಬೇಕಿತ್ತು. ಕದಲುತ್ತಿಲ್ಲವೆಂದರೆ ಅದು ನಕ್ಷತ್ರವಲ್ಲ, ಕ್ಯಾಮೆರಾದೊಳಗೆ ಕೆಟ್ಟುಹೋದ ಒಂದು ಪಿಕ್ಸೆಲ್. ಯಾರೋ ಕಿಸಕ್ಕೆಂದರು.

ಆ ನಗು ಅಧ್ಯಕ್ಷರಿಗೆ ಇನ್ನಷ್ಟು ಹುರುಪು ತಂದಿತು. ಕಚ್ಚಾ ಚಿತ್ರವನ್ನು ಸರಿಯಾಗಿ ನೋಡುವ ತಾಳ್ಮೆಯಿಲ್ಲ, ಹೆಸರು ಮಾತ್ರ ರಾತ್ರೋರಾತ್ರಿ ಬರಬೇಕು ಎಂದು ಎಲ್ಲರೆದುರು ಅವನ ನೀರಿಳಿಸಿದರು. ಅಷ್ಟಾದರೂ ಅವರ ಹೊಟ್ಟೆಯುರಿ ತಣಿಯಲಿಲ್ಲ.

"ಸಂಘದ ಕಣ್ಣಿಗೆ ಮಣ್ಣೆರಚಿದವರು ಅಧ್ಯಕ್ಷರಾಗೋದಿರಲಿ, ಇಲ್ಲಿ ಸದಸ್ಯರಾಗೂ ಇರಬಾರದು. ಒಪ್ಪೋರು ಕೈ ಎತ್ತಿ."

ಅವರೇ ಮೊದಲು ಎತ್ತಿದರು. ಒಂದರ ಹಿಂದೊಂದು ಎಲ್ಲರ ಕೈಗಳೂ ಮೇಲೆದ್ದವು. ಕೊನೆಗೆ ಹಿಂದಿನ ಸಾಲಿನಿಂದ ಭಾವಮೈದುನನದೂ ಎದ್ದಿತು.

"ಇವು ನಾನು ತೆಗೆದ ಚಿತ್ರಗಳಲ್ಲ ಭಾವ," ಎಂದ ಅವನು. "ನಿಮ್ಮ ಹೊಸ ನಕ್ಷತ್ರದವು. ಕ್ಯಾಮೆರಾ ಕೊಡುವಾಗ ಕಾರ್ಡು ಒಳಗೇ ಬಿಟ್ಟಿದ್ರಿ."