ತಾಳೆಯಾಗದ ಜೋಡಿ

"ಇದು ಆಗೂದಿಲ್ಲ, ಸುಗಂಧಾಬಾಯಿ," ಎಂದು ವೈಜನಾಥ ಮಾಸ್ತರರು ಹಾಳೆಯ ಮೇಲೆ ಬೆರಳಿಟ್ಟರು. "ತಾಯಿದು ಎಂ, ಮಗಳದು ಎನ್. ಎಲ್ಲೋ ಚೀಟಿ ಅದಲಿಬದಲಿ ಮಾಡೀರಿ."

ಸುಗಂಧಾ ಸೆರಗಿನಿಂದ ಅಂಗೈ ಒರೆಸಿಕೊಂಡಳು. ೧೯೭೬ರ ಏಪ್ರಿಲ್, ಹುಮನಾಬಾದಿನ ಬಾಡಿಗೆ ಕೋಣೆ ಕಾದ ಹೆಂಚಿನಂತಿತ್ತು. ಎರಡು ವರ್ಷದಿಂದ ಅವಳು ಮಂಠಾಳ ಹಳ್ಳಿಗೆ ಹೋಗಿ, ಜನರ ಬೆರಳು ಚುಚ್ಚಿ, ರಕ್ತದ ಗುಂಪು ಬರೆದುಕೊಳ್ಳುತ್ತಿದ್ದಳು. ಪ್ರತಿಯೊಬ್ಬರಿಗೂ ತಾಯಿಯಿಂದ ಒಂದು, ತಂದೆಯಿಂದ ಒಂದು ಅಂಶ ಬರುತ್ತದೆ: ಎಂ ಇಲ್ಲವೆ ಎನ್. ಊರಿನವರು ತಮ್ಮತಮ್ಮೊಳಗೆ ಭೇದವಿಲ್ಲದೆ ಬೀಗತನ ಮಾಡುತ್ತಿದ್ದರೆ ಎಂ, ಎಂಎನ್, ಎನ್ ಗುಂಪುಗಳು ಗಣಿತ ಹೇಳಿದ ಪ್ರಮಾಣಕ್ಕೇ ನಿಲ್ಲುತ್ತವೆ. ಮಂಠಾಳ ಆ ಸಮತೋಲದಲ್ಲಿದೆಯೇ ಎಂಬುದೇ ಮಾಸ್ತರರ ಮಾರ್ಗದರ್ಶನದಲ್ಲಿ ಅವಳು ನಡೆಸಿದ್ದ ಸಂಶೋಧನೆ.

ದೊಡ್ಡವರ ಲೆಕ್ಕ ಚೆನ್ನಾಗಿ ಕೂತಿತ್ತು. ಇನ್ನೂರು ಜನರಲ್ಲಿ ಬರಬೇಕಾದದ್ದು ಎಪ್ಪತ್ತೆರಡು, ತೊಂಬತ್ತಾರು, ಮೂವತ್ತೆರಡು. ಬಂದದ್ದು ಎಪ್ಪತ್ತೈದು, ತೊಂಬತ್ತು, ಮೂವತ್ತೈದು. ಮಾಸ್ತರರು ಮೆಚ್ಚಿದ್ದರು, ಮಕ್ಕಳ ಹಾಳೆ ನೋಡುವ ತನಕ.

"ಮಕ್ಕಳ ರಕ್ತ ನಾ ಕೇಳಿದ್ದಿಲ್ಲ. ಯಾಕ ತಗೊಂಡ್ರಿ?"

"ಮುಂದಿನ ಪೀಳಿಗ್ಯಾಗೂ ಇದೇ ಪ್ರಮಾಣ ಉಳಿತದೇನು ನೋಡಬೇಕಂತ, ಸರ್."

"ಒಂದು ತಪ್ಪಿದ್ದರ ಇನ್ನೂರೂ ಸಂಶಯ. ನಡೀರಿ, ನನ್ನ ಎದುರಿಗೇ ಮತ್ತೊಮ್ಮೆ ಮಾಡ್ರಿ."

ಬಸವಕಲ್ಯಾಣದಲ್ಲಿ ಬಸ್ಸು ಬದಲಿಸುವಾಗ ಅವಳು ಕೂರಲಿಲ್ಲ, ನೀರೂ ಕುಡಿಯಲಿಲ್ಲ. ಗುಂಪು ಪತ್ತೆ ಮಾಡುವ ಸೀರಂ ಬಾಟಲಿಗಳಿವೆಯೇ ಎಂದು ಪೆಟ್ಟಿಗೆಯನ್ನು ಮೂರು ಸಲ ತೆರೆದು ನೋಡಿದಳು.

"ಗಾಬರಿ ಆಗಬ್ಯಾಡ್ರಿ," ಎಂದರು ಮಾಸ್ತರರು. "ನಿಮ್ಮ ಡಿಗ್ರಿ ಎಲ್ಲೂ ಹೋಗೂದಿಲ್ಲ."

ಮಂಠಾಳದಲ್ಲಿ ಕಸ್ತೂರಿಬಾಯಿ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದಳು. ಇಬ್ಬರನ್ನೂ ಕಂಡು ಮೊರ ಕೆಳಗಿಟ್ಟಳು.

"ಮತ್ತ ಯಾಕ ಬಂದ್ರಿ ಬಾಯಾರ? ನಮ್ಮ ರಕ್ತದಾಗ ಏನರ ಐಬು ಅದ ಏನ್ರಿ?"

"ಇಲ್ರಿ ಅಕ್ಕಾ. ತಪ್ಪು ನಂದೇ ಇರಬೇಕು."

ಕಸ್ತೂರಿಬಾಯಿ ಒಲ್ಲದ ಮನಸ್ಸಿನಿಂದ ಬೆರಳು ಕೊಟ್ಟಳು. ಆಮೇಲೆ ಹದಿನಾರರ ಮಗಳು ಅಮೃತಾ ಮುಂದೆ ಬಂದು ಕೂತಳು. ಸುಗಂಧಾ ಸೂಜಿ ಹಿಡಿದವಳು ಹಾಗೇ ಉಳಿದಳು.

"ಚುಚ್ರಿ ಬಾಯಾರ, ನಂಗ ಅಂಜಿಕಿ ಇಲ್ಲ," ಎಂದು ಹುಡುಗಿ ನಕ್ಕಳು. "ನಿಮಗೇ ಅಂಜಿಕಿ ಅದ ಏನ್ರಿ?"

ಬಿಳಿ ಟೈಲಿನ ಮೇಲೆ ಕಸ್ತೂರಿಬಾಯಿಯ ರಕ್ತ ಎಂ ಸೀರಂನಲ್ಲಿ ಮಾತ್ರ ಗರಣೆಗಟ್ಟಿತು. ಅಮೃತಾಳದು ಎನ್ ಸೀರಂನಲ್ಲಿ ಮಾತ್ರ. ಬರೀ ಎಂ ಇರುವ ತಾಯಿ ಮಗಳಿಗೆ ಎಂ ಕೊಡಲೇಬೇಕು. ಇಲ್ಲಿ ಕೊಟ್ಟಿರಲಿಲ್ಲ. ಮಾಸ್ತರರು ಟೈಲನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಅಂಗಳ ದಾಟಿದ ಮೇಲೆ ದನಿ ತಗ್ಗಿಸಿದರು.

"ನಿಮ್ಮ ಕೆಲಸ ಖರೇ ಅದ. ಸಾಕಿದ ಮಗಳು ಇರಬೇಕು. ಅದು ಅವರ ಮನೀ ಮಾತು, ನಮಗ್ಯಾಕ? ಈ ಜೋಡಿ ಹೊಡದು ಹಾಕ್ರಿ."

ಸುಗಂಧಾ ಹಾಳೆ ಬಿಡಿಸಿ ಎರಡು ಹೆಸರಿನ ಮೇಲೂ ಗೆರೆ ಎಳೆದಳು.

"ಮುಗೀತು," ಎಂದರು ಮಾಸ್ತರರು. "ಇನ್ನ ಮಂಠಾಳಕ್ಕ ಬರೂ ಕೆಲಸಿಲ್ಲ."

"ಹೌದ್ರಿ," ಎಂದಳು ಅವಳು. ತಿರುಗಿ ಆ ಪಡಸಾಲೆಯತ್ತ ನೋಡಿದಳು.

ಹದಿನಾರು ವರ್ಷದ ಹಿಂದೆ, ಮದುವೆಗೆ ಮೊದಲೇ ಸುಗಂಧಾ ಹೆತ್ತ ಹೆಣ್ಣುಕೂಸನ್ನು ತವರಿನವರು ಮಂಠಾಳದಲ್ಲಿ ಕೊಟ್ಟು ಬಂದಿದ್ದರು. ಯಾವ ಮನೆಗೆಂದು ಯಾರೂ ಬಾಯಿ ಬಿಟ್ಟಿರಲಿಲ್ಲ.