ಕಸ ಬಂದು ಬೀಳುವ ದಡ

ಮಲ್ಪೆಯಲ್ಲಿದ್ದ ಎರಡೂ ಮೀನುಬೋಟುಗಳನ್ನು ಮಾರಿ ಬಂದಿದ್ದ ಆ ಗಂಡ ಹೆಂಡತಿಗೆ ಕೆರಿಬಿಯನ್ ಕಡಲಿನಲ್ಲೇ ಮನೆ ಬೇಕಿತ್ತು. ಅದೂ ಅಕ್ಕಪಕ್ಕದ ಎರಡು ಪುಟ್ಟ ದ್ವೀಪಗಳಲ್ಲಿ ಒಂದರಲ್ಲಿ. ಹೊರದೇಶಗಳಲ್ಲಿ ಮನೆ ಕೊಡಿಸುವ ಡೆರಿಕ್ ಮೇಜಿನ ತುಂಬ ಚಿತ್ರಗಳನ್ನು ಹರಡಿದ.

"ಈ ಮೂಡಣ ದ್ವೀಪ ನೋಡಿ ಅಮ್ಮಾ. ಕನ್ನಡಿಯಂಥ ನೀರು, ಹಾಲಿನಂಥ ಮರಳು. ಒಂದು ಕಡ್ಡಿ ಕಸ ಇಲ್ಲ."

"ಮತ್ತೊಂದು?"

"ಪಡುವಣದ್ದು ಬೇಡವೇ ಬೇಡ ಮಾರಾಯ್ರೆ. ಎರಡು ದ್ವೀಪಗಳ ನಡುವಿನ ನೀರೆಲ್ಲ ಆ ದಡಕ್ಕೇ ಬಡಿಯುವುದು. ಪಾಚಿ, ಹರಿದ ಬಲೆ, ಮುರಿದ ಹಲಗೆ. ವಾಸನೆಗೆ ಕಿಟಕಿ ತೆಗೀಲಿಕ್ಕೆ ಆಗುವುದಿಲ್ಲ."

"ಕಡಲಿಗೆ ಬಿದ್ದದ್ದೆಲ್ಲ ಬರ್ತದಾ ಮಗಾ?"

"ಎಲ್ಲ ಬರ್ತದೆ. ಎಷ್ಟು ವರ್ಷ ಹಳತಾದರೂ ಬರ್ತದೆ."

ಆಕೆ ಗಂಡನ ಮುಖ ನೋಡಿದಳು. ಆತ, "ಪಡುವಣದ್ದೇ ಇರಲಿ. ದಡಕ್ಕೆ ತಾಗಿದ ಮನೆ ನೋಡಿ," ಎಂದ.

ಡೆರಿಕ್‌ಗೆ ನಗು ತಡೆಯಲಿಲ್ಲ. "ಕಸ ಹೆಕ್ಕಲಿಕ್ಕೆ ಅಷ್ಟು ದೂರ ಹೋಗ್ಬೇಕಾ? ಮಲ್ಪೆಯಲ್ಲಿ ಕಸಕ್ಕೆ ಬರವಾ?"

"ಮೂರು ವರ್ಷದ ಹಿಂದೆ ನಮ್ಮ ಹುಡುಗ ಹಡಗಿಂದ ಬಿದ್ದದ್ದು ಆ ಎರಡು ದ್ವೀಪಗಳ ನಡುವೆ, ಮಗಾ," ಎಂದಳು ಆಕೆ.